ಕೋಟೆಯ ಬಾಗಿಲಲ್ಲಿ ನಿಂತವಳು

“ಆಟದಾಗಿನ ನನ್ನ ಯೋಧೆನ್ನ ಕೊಂದುಬಿಡು, ಸ್ನೇಹಲ್,” ಎಂದಳು ಮೇಘಾ. ಹುಮನಾಬಾದಿನ ತನ್ನ ಗಂಡನ ಮನೆಗೆ ಗೆಳತಿ ತಂದಿದ್ದ ಇಪ್ಪತ್ತು ಮುಖದ ದಾಳವನ್ನು ಅವಳಿನ್ನೂ ಮುಟ್ಟಿರಲಿಲ್ಲ.

ಬಸವಕಲ್ಯಾಣದಲ್ಲಿ ಕಾಲೇಜು ಓದುವಾಗ ಇಬ್ಬರೂ ಒಂದೇ ಮೊಬೈಲಿನಲ್ಲಿ ಕತ್ತಲ ಲೋಕದ ಅನಿಮೆ ಎಂಬ ಜಪಾನಿ ಕಾರ್ಟೂನುಗಳನ್ನು ನೋಡುತ್ತಿದ್ದರು. ಶಾಪಗ್ರಸ್ತ ಊರುಗಳಲ್ಲಿ ಗಾಯಗೊಂಡರೂ ಜೊತೆ ಬಿಡದೆ ನಡೆಯುವವರನ್ನು ಕಂಡು, ತಾವೂ ಹಾಗೆ ನಡೆಯಬೇಕೆನಿಸಿ, ಮೇಘಾ ಯೋಧೆಯಾಗಿ, ಸ್ನೇಹಲ್ ಕಥೆ ನಡೆಸುವವಳಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಶುರು ಮಾಡಿದ್ದರು. ಮೇಘಾಳ ಮದುವೆಯಾದಂದಿನಿಂದ ಅವಳ ಯೋಧೆ ರಾಕ್ಷಸರ ಕೋಟೆಯ ಬಾಗಿಲಲ್ಲೇ ನಿಂತಿದ್ದಳು.

“ಆಟಕ್ಕ ಹೊಸಬರು ಇಬ್ಬರು ಬಂದಾರ ಅಂತಿ. ನನ್ನ ಸಲುವಾಗಿ ಆಟ ನಿಂತದ. ನೀವು ಮುಂದ ಹೋಗ್ರಿ.”

“ನನ್ನ ಕೈಲೆ ಆಗಂಗಿಲ್ಲ,” ಎಂದಳು ಸ್ನೇಹಲ್. “ದಾಳ ನೀನೇ ಉರುಳಿಸು. ಹತ್ತಕ್ಕಿಂತ ಕಡಿಮಿ ಬಿದ್ರ ಆಕಿ ಸತ್ತಂಗ.”

ಮೇಘಾ ದಾಳ ಎತ್ತಿಕೊಂಡಳು. ಅದು ಅಂಗೈಯಲ್ಲಿ ಬೆಚ್ಚಗಾಗುವ ತನಕ ಸುಮ್ಮನೆ ಹಿಡಿದಿದ್ದಳು. ಅಡುಗೆಮನೆಯಿಂದ ಅತ್ತೆ ಭಾಗಮ್ಮ ಕರೆದರು. “ಬಂದೆ ರೀ,” ಎನ್ನುತ್ತಾ ಎದ್ದಳು, ಆದರೆ ಮುಷ್ಟಿ ಬಿಚ್ಚಲಿಲ್ಲ.

“ಕಲ್ಯಾಣದಾಗ ಐತವಾರ ಆಟಕ್ಕ ಎಷ್ಟು ಗಂಟೆಕ್ಕ ಕೂಡ್ತೀರಿ?” ಎಂದು ಗೆಳತಿಯನ್ನು ಕೇಳಿದಳು.