ನೀಲವ್ವನ ನಾಲಿಗೆ

ಮೆದುಳಿನ ಗಡ್ಡೆ ತೆಗೆದ ಮೇಲೆ ಒಂಬತ್ತು ವರ್ಷದ ಚಂಪಾಳ ಮೈಯಲ್ಲಿ ನೀರು ನಿಲ್ಲುತ್ತಿರಲಿಲ್ಲ, ಬಾಯಾರಿಕೆಯೂ ತಿಳಿಯುತ್ತಿರಲಿಲ್ಲ. ಗುಳಿಗೆ ತಪ್ಪಿ ನೀರು ಕಡಿಮೆಯಾದರೆ ರಕ್ತದಲ್ಲಿ ಉಪ್ಪು ಏರುತ್ತಿತ್ತು. ಅದು ತಾಯಿಗೆ ಕೂಡಲೇ ತಿಳಿಯಲೆಂದು ಅಂಥ ಮಕ್ಕಳ ರಕ್ತದ ಉಪ್ಪನ್ನು ಆಸ್ಪತ್ರೆಯವರು ತಾಯಂದಿರ ನಾಲಿಗೆಗೆ ಜೋಡಿಸಿ ಮನೆಗೆ ಕಳಿಸುತ್ತಿದ್ದರು. ಚಂಪಾಳ ತಾಯಿ ನೀಲವ್ವನಿಗೆ ಆ ಉಪ್ಪೊಂದನ್ನು ಬಿಟ್ಟು ಉಳಿದ ರುಚಿಗಳೆಲ್ಲ ಜೋಡಿಸಿದ ದಿನವೇ ಹೋಗಿದ್ದವು; ಅದನ್ನು ಮಗಳಿಗೆ ಹೇಳಿರಲಿಲ್ಲ.

ಆ ಮಧ್ಯಾಹ್ನ ಗಾರ್ಮೆಂಟ್ಸ್ ಕ್ಯಾಂಟೀನಿನ ಮೂಲೆಯಲ್ಲಿ ಒಬ್ಬಳೇ ರೊಟ್ಟಿ ಮುರಿದು ಚಟ್ನಿಗೆ ಅದ್ದುತ್ತಿದ್ದಾಗ ಅವಳ ಬಾಯೆಲ್ಲ ಉಪ್ಪಾಯಿತು. ಕೂಡಲೇ ಶಾಲೆಗೆ ಫೋನ್ ಮಾಡಿದಳು.

“ಟೀಚರ್, ಚಂಪಾ ಗುಳಿಗಿ ಮರತಾಳ. ಗುಳಿಗಿ ಕೊಟ್ಟು ನೀರು ಕುಡಸ್ರಿ.”

“ಆಡಾಕತ್ತಾಳ್ರಿ, ಆರಾಮ ಕಾಣ್ತಾಳ.”

“ಆರಾಮಿಲ್ರಿ. ನನಗ ಗೊತ್ತಾಗತೈತಿ.”

ಬಿಡುವು ಮುಗಿಯುವ ಹೊತ್ತಿಗೆ ಉಪ್ಪು ಇಳಿಯತೊಡಗಿತು. ಚಂಪಾಳೇ ಫೋನ್ ಮಾಡಿದಳು.

“ಕುಡದೇನವ್ವಾ. ನಾ ಮಾಡಿದ ಚಟ್ನಿ ಹೆಂಗಾಗೇತಿ?”

“ಭಾಳ ರುಚಿ ಆಗೇತವ್ವಾ,” ಎಂದ ನೀಲವ್ವ ಕೊನೆಯ ತುತ್ತನ್ನೂ ನಿಧಾನವಾಗಿ ಅಗಿದು ನುಂಗಿದಳು.