ಪುಡಿಯ ತಾಳಿಕೆ

ಪುಡಿ ಮತ್ತೆ ಕೈಕೊಟ್ಟಿತು. ಪರದೆಯ ಮೇಲಿನ ಗೆರೆ ನೋಡಿ ಅವಳು ಹಲ್ಲು ಕಚ್ಚಿದಳು. ಕೈಗವಸು ಕಿತ್ತು ಕಸದ ಬುಟ್ಟಿಗೆ ಎಸೆದಳು. ಅದೂ ಗುರಿ ತಪ್ಪಿ ನೆಲಕ್ಕೆ ಬಿತ್ತು.

ಪರೀಕ್ಷೆಯೇನೂ ಮಹಾ ವಿದ್ಯೆಯಲ್ಲ. ಗಾಜಿನ ಕೊಳವೆಗೆ ಚಿಟಿಕೆ ಪುಡಿ ಹಾಕಿ, ಮೆಲ್ಲಗೆ ಬಿಸಿ ಏರಿಸುತ್ತ, ಎಲ್ಲಿಯವರೆಗೆ ತಾಳುತ್ತದೆ, ಎಲ್ಲಿ ಕೆರಳುತ್ತದೆ ಎಂದು ನೋಡುವುದು. ಬಣ್ಣದ ಕಾರ್ಖಾನೆಯ ಒಣಗಿಸುವ ಕೋಣೆಗೆ ಬೆಂಕಿ ಬಿದ್ದ ಮೇಲೆ ಈ ಪುಡಿ ಪ್ರಯೋಗಾಲಯಕ್ಕೆ ಬಂದಿತ್ತು. ಕೆಲಸವನ್ನು ಅವಳೇ ಕೇಳಿ ಪಡೆದಿದ್ದಳು. ಈಗ ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡುತ್ತಿದ್ದಳು.

"ಇವತ್ತೂ ಅದೇ ಕಥೆನಾ?" ಮುಖ್ಯಸ್ಥರು ಬಾಗಿಲಲ್ಲೇ ನಿಂತು ಕೇಳಿದರು.

"ಅದೇ ಸರ್."

"ಬಂದದ್ದು ಬಂದ ಹಾಗೆ ಬರೆದು ಕಳಿಸಿಬಿಡಿ. ಕಾರ್ಖಾನೆಯವರು ನನ್ನ ತಲೆ ತಿಂತಿದ್ದಾರೆ. ನೋಡ್ಕೋಬೇಕಾದ ನೌಕರ ತೂಕಡಿಸಿದ, ಬಿಸಿ ಮಿತಿಮೀರಿತು ಅಂತ ವಿಚಾರಣೇಲೇ ಹೇಳಿದ್ದಾರಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ. ಕೇಳಿ ಕೇಳಿ ಆ ಅಪವಾದ ಹೊತ್ತವರೂ ಈಗ ಅದನ್ನೇ ನಂಬಿದ್ದಾರೆ," ಎಂದಳು. "ಇನ್ನೊಂದೇ ಸಲ ನೋಡ್ತೀನಿ ಸರ್."

ಅವರು ತಲೆ ಕೊಡವಿ ಹೋದರು. ಅಷ್ಟರಲ್ಲಿ ಅತ್ತೆಯ ಫೋನು.

"ಊಟ ಮಾಡಿದೆಯೇನಮ್ಮಾ?"

"ಸೇರ್ತಿಲ್ಲ ಅತ್ತೆ."

"ಮನೇಲೂ ಅಷ್ಟೇ. ತಟ್ಟೆ ಇಟ್ಟದ್ದು ಇಟ್ಟ ಹಾಗೇ ಇದೆ."

ಫೋನು ಕೆಳಗಿಟ್ಟವಳು ಹಾಗೇ ನಿಂತಳು. ತಟ್ಟೆ. ಅವಳು ಪರೀಕ್ಷಿಸುತ್ತಿದ್ದದ್ದು ಶುಭ್ರವಾದ ಗಾಜಿನಲ್ಲಿ. ಕಾರ್ಖಾನೆಯವರು ಪುಡಿ ಹರಡುತ್ತಿದ್ದದ್ದು ಯಾವುದರ ಮೇಲೆ?

ಕಾರ್ಖಾನೆಯ ಉಗ್ರಾಣದವನಿಗೆ ನಗು ಬಂತು. "ತುಕ್ಕು ಹಿಡಿದ ಕಬ್ಬಿಣದ ತಟ್ಟೆ ಕಟ್ಕೊಂಡು ಏನು ಮಾಡ್ತೀರಿ ಮೇಡಂ?"

"ಪುಡಿ ಒಣಗಿಸೋದು ಅದರಲ್ಲೇ ತಾನೆ? ಕಳಿಸಿ."

ತಟ್ಟೆ ಬಂತು. ತುಕ್ಕು ಕೆರೆದು, ಒಂದಿಷ್ಟೇ ಇಷ್ಟು ಪುಡಿಗೆ ಬೆರೆಸಿ, ಒಲೆಗಿಟ್ಟು, ದಪ್ಪ ಗಾಜಿನ ತಡೆಯ ಹಿಂದೆ ನಿಂತಳು. ಬಿಸಿ ಇನ್ನೂ ಒಣಗಿಸುವ ಕೋಣೆಯ ಮಾಮೂಲಿ ಮಟ್ಟವನ್ನೂ ಮುಟ್ಟಿರಲಿಲ್ಲ. ಗೆರೆ ಸರ್ರನೆ ಮೇಲಕ್ಕೆ ಚಿಮ್ಮಿತು. ಕೊಳವೆ ಟಪ್ಪೆಂದು ಸಿಡಿಯಿತು. ಎರಡನೆಯದನ್ನು ಇಟ್ಟಳು. ಅದೂ ಸಿಡಿಯಿತು.

ಮುಖ್ಯಸ್ಥರು ಓಡಿ ಬಂದರು. "ಏನಾಯ್ತು?"

"ತಾಳಲಿಲ್ಲ ಸರ್. ತುಕ್ಕು ಸೇರಿದರೆ ಮಾಮೂಲಿ ಬಿಸಿಯನ್ನೂ ತಾಳಲ್ಲ."

"ಅಯ್ಯೋ! ಇಷ್ಟು ದಿನ ಕಲ್ಲಿನ ಹಾಗೆ ಗಟ್ಟಿಯಾಗಿತ್ತಲ್ಲಮ್ಮಾ!"

ಅವಳು ಸ್ಟೂಲಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅಳತೊಡಗಿದಳು. "ಒಂದು ಪುಡಿಗೆ ಯಾರಾದ್ರೂ ಹೀಗೆ ಅಳ್ತಾರಾ?" ಎನ್ನುತ್ತ ಮುಖ್ಯಸ್ಥರು ನೀರು ತಂದುಕೊಟ್ಟರು.

ನೀರು ಪಕ್ಕಕ್ಕಿಟ್ಟು ಅವಳು ಮನೆಗೆ ಫೋನು ಮಾಡಿದಳು. "ಅತ್ತೆ, ಫೋನು ಅವರ ಕಿವಿಗೆ ಹಿಡೀರಿ. ಸುಟ್ಟ ಕೈಯಲ್ಲಿ ಹಿಡಿಯೋಕಾಗಲ್ಲ ಅವರಿಗೆ."

ಅತ್ತೆ ಹಿಡಿದರು.

"ರೀ, ನೀವು ಅವತ್ತು ತೂಕಡಿಸಿರಲಿಲ್ಲ."