ಮುಚ್ಚಿದ ಬಾಗಿಲಿನ ತಂಪು

ಏಪ್ರಿಲ್ 17ರ ಮಧ್ಯಾಹ್ನ 2.40ಕ್ಕೆ, ಫ್ಯಾನು ಕೆಟ್ಟು ತಿಂಗಳಾಗಿದ್ದ ನಮ್ಮ ಲ್ಯಾಬಿನಲ್ಲಿ 38 ಡಿಗ್ರಿ ಇತ್ತು. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಹೇರೂರನಿಗೆ ಮಾತ್ರ ಕಂಪನಿ ಎಸಿ ಕೋಣೆ ಕೊಟ್ಟಿತ್ತು. ಅವನು ಸದಾ ಬಾಗಿಲು ಮುಚ್ಚಿಕೊಂಡಿರುವುದನ್ನು ಕಂಡರೇ ನನ್ನ ಹೊಟ್ಟೆ ಉರಿಯುತ್ತಿತ್ತು. ಎರಡೂ ಕಡೆಯ ಉಷ್ಣತೆ ಅಳೆದು ಮಾಲೀಕರಿಗೆ ತೋರಿಸಬೇಕೆಂದು ಥರ್ಮಾಮೀಟರ್ ಹಿಡಿದು ಒಳನುಗ್ಗಿದೆ.

"ತಂಪಿನ್ಯಾಗ ಆರಾಮ ಕುಂತೀಯಲ್ಲೋ?"

"ಮೊದಲ ಬಾಗಲಾ ಹಾಕು ಮಾರಾಯಾ, ಮಂದಿ ನೋಡ್ತಾರ!"

ಅವನು ಬನಿಯನ್ನಿನಲ್ಲಿದ್ದ. ಒದ್ದೆ ಶರ್ಟು ಕುರ್ಚಿಯ ಮೇಲೆ ಒಣಗುತ್ತಿತ್ತು.

"ಎಸಿ?"

"ಒಳಗ ಗ್ವಾಡಿಗೆ ಹಾಕೂದಷ್ಟ ತಂದಾರ. ಹೊರಗ ಇಡೂ ಮಷೀನ್ ಇಲ್ದ ತಂಪ ಆಗೂದಿಲ್ಲ, ಅದು ಮುಂದಿನ ವರ್ಷದ ಬಜೆಟ್‌ನ್ಯಾಗಂತ. ಯಾರ ಮುಂದೂ ಹೇಳಬ್ಯಾಡೋ. ನೀವೆಲ್ಲಾ ನನ್ನ ನೋಡಿ ಉರಕೋತೀರಿ, ಅದೊಂದ ಸುಖ ಐತಿ ನನಗ."

ಥರ್ಮಾಮೀಟರ್ ನೋಡಿದೆ. 41 ಡಿಗ್ರಿ.